ಗಾಳಿ ಸೊರಗಿದರೂ ಮಳೆ ಸೊರಗದು

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗಲೆಲ್ಲ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಿಂದ ಬರುವ ಪ್ರಶ್ನೆ ಒಂದೇ: ಅದು ನಮ್ಮವರೆಗೂ ಬರುತ್ತದೆಯೇ? ಗಾಳಿಯ ಮಟ್ಟಿಗೆ, ಇಲ್ಲ. ಚೆನ್ನೈ ಕರಾವಳಿಯಿಂದ ಸುಮಾರು 300 ಕಿಲೋಮೀಟರ್ ಒಳಗಿರುವ ನಮಗೆ ಛಾವಣಿ ಹಾರಿಸುವ ಬಿರುಗಾಳಿಯ ಭಯ ಬೇಡ. ಮಳೆಯ ಲೆಕ್ಕ ಬೇರೆ. ಚಂಡಮಾರುತಕ್ಕೆ ಬಲ ಬರುವುದು ಬೆಚ್ಚಗಿನ ಕಡಲ ನೀರಿನಿಂದ. ನೆಲ ಮುಟ್ಟಿದ ಮೇಲೆ ಆ ನೀರು ಸಿಗದೆ ಗಾಳಿ ಸೊರಗುತ್ತದೆ. ಆದರೆ ಅಷ್ಟರೊಳಗೆ ಮೇಲೆದ್ದ ತೇವಾಂಶ ಎಲ್ಲಿಗೂ ಹೋಗಿರುವುದಿಲ್ಲ. ಮೂಡಣ ಗಾಳಿಯೊಂದಿಗೆ ಬೆಟ್ಟ ಹತ್ತಿ, ತಣಿದು ಸುರಿಯುತ್ತದೆ. ‘ಚಂಡಮಾರುತ ದುರ್ಬಲಗೊಂಡಿದೆ’ ಎಂಬ ಸುದ್ದಿ ಕೇಳಿ ಕೊಡೆ ಮಡಿಚಿಡುವವರಿಗೆ ಮತ್ತೊಮ್ಮೆ ಹೇಳುತ್ತೇನೆ: ದುರ್ಬಲವಾಗಿದ್ದು ಗಾಳಿ, ಮಳೆಯಲ್ಲ. ಎಷ್ಟು ಮಳೆ ಬೀಳುತ್ತದೆಂಬುದು, ಆ ಮೋಡದ ರಾಶಿ ಒಂದೆಡೆ ಎಷ್ಟು ಹೊತ್ತು ನಿಂತಿತು ಎಂಬುದನ್ನು ಅವಲಂಬಿಸಿದೆ.

ಫೆಂಗಲ್ ಚಂಡಮಾರುತ ಇದಕ್ಕೆ ಸಾಕ್ಷಿ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ನೆಲ ಮುಟ್ಟಿ, ಗಂಟೆಗಟ್ಟಲೆ ಅಲ್ಲೇ ನಿಂತು, ಬಲಗುಂದಿ ಒಳನಾಡಿಗೆ ಬಂತು. ಹಾಗೆ ಬಲಗುಂದಿದ್ದಾಗಲೇ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಸುರಿಯಿತು. ಕೆರೆ ಉಕ್ಕಿ, ನಿಂತಿದ್ದ ಬಸ್ಸುಗಳೇ ಕೊಚ್ಚಿಹೋದವು. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಹೊಸೂರು ಇರುವುದೂ ಅದೇ ಜಿಲ್ಲೆಯಲ್ಲಿ. ಮೆಡಿಟರೇನಿಯನ್ ಕಡಲಿನ ಕಥೆಯೂ ಇದೇ. 2023ರ ಸೆಪ್ಟೆಂಬರಿನಲ್ಲಿ ಡೇನಿಯಲ್ ಬಿರುಗಾಳಿ ಬಂದಾಗ ಲಿಬಿಯಾದ ಡೆರ್ನಾವನ್ನು ಬಲಿ ತೆಗೆದುಕೊಂಡದ್ದು ಕಡಲ ಅಲೆಯಲ್ಲ, ಊರಿನ ಹಿಂದಿನ ಕಣಿವೆಯಲ್ಲಿ ಮಳೆಗೆ ಎರಡು ಅಣೆಕಟ್ಟೆ ಒಡೆದು ನುಗ್ಗಿದ ನೀರು.

‘ಫೆಂಗಲ್ ಬಂದಾಗ ಬೆಂಗಳೂರಿಗೆ ಚಳಿ, ಜಡಿಮಳೆ ಬಿಟ್ಟರೆ ಏನಾಯಿತು?’ ಎನ್ನಬಹುದು. ನಿಜ, ಭಾರಿ ಮಳೆಯ ಪಟ್ಟಿ ಆ ಸಲ ಪಕ್ಕಕ್ಕೆ ಸರಿದಿತ್ತು. ಅದನ್ನೇ ನಿಯಮ ಎಂದುಕೊಳ್ಳುವುದು ತಪ್ಪು. ಅದೇ ವರ್ಷದ ಅಕ್ಟೋಬರಿನಲ್ಲಿ ಚಂಡಮಾರುತವೇ ಆಗದ ವಾಯುಭಾರ ಕುಸಿತವೊಂದು ಮಾನ್ಯತಾ ಟೆಕ್ ಪಾರ್ಕಿಗೆ ನೀರು ನುಗ್ಗಿಸಿತ್ತು. ‘2022ರ ಸೆಪ್ಟೆಂಬರಿನ ನೆರೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದೆವಲ್ಲ, ಆಗ ಸೈಕ್ಲೋನ್ ಎಲ್ಲಿತ್ತು?’ ಎಂದೂ ಕೇಳುತ್ತಾರೆ. ಇರಲಿಲ್ಲ. ಒತ್ತುವರಿಯಾದ, ಹೂಳು ತುಂಬಿದ ರಾಜಕಾಲುವೆಗೆ ಯಾವ ಮಳೆಯಾದರೂ ಒಂದೇ. ಆದರೆ ಹಿಂಗಾರಿನ ಹೊತ್ತಿಗೆ ಮುಂಗಾರಿನ ನೀರಿನಿಂದ ಕೆರೆಗಳು ತುಂಬಿ, ನೆಲ ನೆನೆದಿರುತ್ತದೆ. ಬೆಳ್ಳಂದೂರು ಕೆರೆ ಕೋಡಿ ಹರಿದು ವರ್ತೂರು ಕೆರೆಗೆ ಸೇರುವಾಗ ಮೇಲಿನಿಂದ ಬರುವ ನೀರಿಗೆ ಜಾಗ ಎಲ್ಲಿದೆ?

ಆದ್ದರಿಂದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹವಾಮಾನ ಇಲಾಖೆಯ ಗಾಳಿಯ ಅಂಕಿಯನ್ನಲ್ಲ, ಮಳೆಯ ಮುನ್ಸೂಚನೆಯನ್ನು ಕೇಳಿ. ಪೀಣ್ಯದ ವರ್ಕ್‌ಶಾಪಿನವರು ಮೋಟಾರು, ಪ್ಯಾನಲ್ ಬೋರ್ಡುಗಳನ್ನು ನೆಲದಿಂದ ಎತ್ತರಿಸಿ. ಟೆಕ್ ಪಾರ್ಕಿನವರು ಬೇಸ್‌ಮೆಂಟಿನ ಜನರೇಟರನ್ನು ಮೇಲಕ್ಕೆ ತನ್ನಿ. ನಿಮ್ಮ ಬೀದಿಯ ಚರಂಡಿ ಯಾವ ರಾಜಕಾಲುವೆಗೆ ಸೇರುತ್ತದೆ, ಅದರ ಹೂಳು ತೆಗೆದಿದ್ದಾರೆಯೇ ಎಂದು ಮಳೆಗೆ ಮೊದಲೇ ಪಾಲಿಕೆಯನ್ನು ಕೇಳಿ.