ಕಥೆ ಕಾಯ್ದವರ ಕೂಲಿ

(ಕಡ್ಡಿರಾಂಪುರದಲ್ಲಿ ಮಾಡಿದ ಭಾಷಣ)



ನಿಮ್ಮೂರ ಹೊರಗೆ ವಿಜಯನಗರ ಕಾಲದ ಗುಮ್ಮಟಗಳಿವೆ. ಹಂಪಿಯ ಕಲ್ಲುಗಳಿಗೆ 1986ರಲ್ಲಿ ವಿಶ್ವಪರಂಪರೆಯ ಮನ್ನಣೆ ಬಂದಿತು. ಅವನ್ನು ಕಾಯಲು ಇಲಾಖೆಯಿದೆ, ಸಂಬಳದ ಕಾವಲುಗಾರರಿದ್ದಾರೆ. ಆದರೆ ಈ ಸೀಮೆಯ ಕಥೆಗಳನ್ನು ಕಾಯ್ದವರು ಯಾರು? ಮನೆಮನೆ ತಿರುಗಿ ಹಾಡಿ, ಕೊಟ್ಟ ಕಾಳಿನಲ್ಲಿ ಹೊಟ್ಟೆ ಹೊರೆದ ಅಲೆಮಾರಿಗಳು.

ಸಂಡೂರು ಸೀಮೆಯ ದರೋಜಿಯ ಈರಮ್ಮನವರನ್ನು ನೆನೆಯೋಣ. ಬುಡ್ಗಜಂಗಮರ ಹೆಣ್ಣುಮಗಳು, ಮನೆಮಾತು ತೆಲುಗು, ಶಾಲೆಯ ಮುಖ ಕಂಡವರಲ್ಲ. ಆದರೂ ಕುಮಾರರಾಮನಂಥ ದೊಡ್ಡ ಕಥೆಗಳನ್ನು ಕನ್ನಡದಲ್ಲಿ ರಾತ್ರಿಯೆಲ್ಲ ಹಾಡುತ್ತಿದ್ದರು. ತಂಬೂರಿ ಹಿಡಿದು ಅವರು ಕಥೆ ನಡೆಸಿದರೆ, ಮನೆಯ ಹೆಂಗಸರೇ ವಾದ್ಯ ಬಾರಿಸಿ ಹಿಮ್ಮೇಳ ಹಿಡಿಯುತ್ತಿದ್ದರು.

ಕುಮಾರರಾಮನ ಕಥೆ ಬರಿಯ ರಾಜರ ಕಥೆಯೆಂದು ತಿಳಿಯಬೇಡಿ. ಮಲತಾಯಿ ರತ್ನಾಜಿ ಅವನ ಮೇಲೆ ಸುಳ್ಳು ದೂರು ಹೊರಿಸಿದಳು. ತಂದೆ ಕಂಪಿಲರಾಯ ವಿಚಾರಣೆ ಮಾಡದೆ ತಲೆ ಕಡಿಯಿರೆಂದ. ಮಂತ್ರಿ ಬೈಚಪ್ಪ ಅವನನ್ನು ನೆಲಮನೆಯಲ್ಲಿ ಅಡಗಿಸಿ ಉಳಿಸಿದ. ದಿಲ್ಲಿಯ ದಂಡು ಮೇಲೆ ಬಿದ್ದಾಗ ರಾಜ್ಯಕ್ಕೆ ಬೇಕಾದವನು ಆ ರಾಮನೇ! ವಿಚಾರಣೆಯಿಲ್ಲದೆ ಕೆಲಸದಿಂದ ಹೊರಬಿದ್ದ ಮಿಲ್ ಕಾರ್ಮಿಕನಿಗೆ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕೆ? ಕಂಪಿಲಿ ಬಿದ್ದುದು 1327ರಲ್ಲಿ. ಬಿದ್ದ ರಾಜ್ಯವನ್ನು ಜನ ಇಂದಿಗೂ ನೆನೆಯುತ್ತಿದ್ದರೆ ಅದು ಶಾಸನಗಳಿಂದಲ್ಲ, ಹಾಡುಗಾರರಿಂದ.

1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈರಮ್ಮನವರ ಕಥೆಗಳನ್ನು ಬರೆಸಿಕೊಂಡು ಅಚ್ಚು ಹಾಕಿಸಿತು, ನಾಡೋಜ ಗೌರವವನ್ನೂ ಕೊಟ್ಟಿತು. ಒಳ್ಳೆಯ ಕೆಲಸ, ಅದನ್ನು ನಾವು ಮೆಚ್ಚುತ್ತೇವೆ. ಆದರೆ ಪುಸ್ತಕದಲ್ಲಿ ಉಳಿಯುವುದು ಮಾತು ಮಾತ್ರ. ಎಲ್ಲಿ ದನಿ ಇಳಿಸಬೇಕು, ತೂಕಡಿಸುವವನನ್ನು ಯಾವ ನಗೆಮಾತಿನಿಂದ ಎಬ್ಬಿಸಬೇಕು, ನಸುಕಾಗುವ ಹೊತ್ತಿಗೆ ಕಥೆ ಹೇಗೆ ಮುಗಿಸಬೇಕು, ಇದು ಗುರುವಿನ ಬಗಲಲ್ಲಿ ಕೂತು ಕಲಿಯುವ ಕಸಬು. 2014ರ ಆಗಸ್ಟಿನಲ್ಲಿ ಈರಮ್ಮ ತೀರಿಕೊಂಡರು. ಕಸಬಿನಿಂದ ಹೊಟ್ಟೆ ತುಂಬದಿದ್ದರೆ ಮಕ್ಕಳು ಅದನ್ನು ಏಕೆ ಕಲಿತಾರು? ಅವರು ಕೂಲಿಗೆ ಹೋದರೆ ತಪ್ಪು ಅವರದಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟೇ. ಗಣೇಶನ ಹಬ್ಬಕ್ಕೆ ಅಂಗಡಿ ಅಂಗಡಿಯಲ್ಲೂ ಚಂದಾ ಎತ್ತುತ್ತೇವೆ, ಆರ್ಕೆಸ್ಟ್ರಾಕ್ಕೆ ಮುಂಗಡ ಕೊಡುತ್ತೇವೆ. ಒಂದು ರಾತ್ರಿಯನ್ನು ಬುರ್ರಕಥೆಯವರಿಗೆ ಬಿಡೋಣ. ಕೂಲಿಯನ್ನು ಮೊದಲೇ ಗೊತ್ತುಮಾಡಿ, ಕಥೆ ಮುಗಿದೊಡನೆ ಕೈಗಿಡೋಣ. ಅದು ಭಿಕ್ಷೆಯಲ್ಲ, ಇನಾಮೂ ಅಲ್ಲ. ರಾತ್ರಿಯೆಲ್ಲ ದುಡಿದವರಿಗೆ ಸಲ್ಲಬೇಕಾದ ಕೂಲಿ.