ದಾರಿ ಇಲ್ಲದಲ್ಲಿ ಓಡುವ ಲಾರಿ

(ಫೆಲೋಶಿಪ್ಪಿನ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ಸೈನ್ಯದ ಲಾರಿಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಮ್ಮ ಯುವಕರು ಕೇಳಿಕೊಂಡಿದ್ದಾರೆ. ಕೂಲಿ, ಬೋನಸ್ಸು, ಪಿ.ಎಫ್. ಮಾತು ಬಿಟ್ಟು ಲಾರಿಯ ಮಾತು ಯಾಕೆ ಎಂದು ಹಿರಿಯರು ಕೇಳಬಹುದು. ಕೂನೂರಿನ ಘಾಟಿಯಲ್ಲಿ ವೆಲಿಂಗ್ಟನ್ ದಂಡಿನ ಹಸಿರು ಲಾರಿಗಳು ಸಾಲಾಗಿ ಹತ್ತುವುದನ್ನು ನಾವು ನೋಡುತ್ತೇವೆ. ಮಳೆಗಾಲದಲ್ಲಿ ನಮ್ಮ ಎಲೆ ಲಾರಿ ತೋಟದ ತಿರುವಿನಲ್ಲಿ ಹೂತುಹೋದರೆ ಚಕ್ರದ ಕೆಳಗೆ ಕಲ್ಲು, ಸೌದೆ ಕೊಟ್ಟು, ಹೆಗಲು ಕೊಟ್ಟು ದೂಡುವವರೂ ನಾವೇ. ಒಂದು ಗಾಡಿ ದಾಟುವ ಕೆಸರನ್ನು ಇನ್ನೊಂದು ಗಾಡಿ ಯಾಕೆ ದಾಟಲಾರದು? ಇದನ್ನು ತಿಳಿದುಕೊಳ್ಳುವುದು ನಮಗೂ ಒಳ್ಳೆಯದೇ.

ಯಾರನ್ನು ಕೇಳಿದರೂ "ಅದರ ಎಂಜಿನ್ ದೊಡ್ಡದು" ಎನ್ನುತ್ತಾರೆ. ಎಂಜಿನ್ ಬೇಕು, ನಿಜ. ಆದರೆ ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ನೆನಪಿಗೆ ತಂದುಕೊಳ್ಳಿ. ಎಂಜಿನ್ ಗರ್ಜಿಸುತ್ತದೆ. ಒಂದು ಚಕ್ರ ಗಿರಗಿರನೆ ತಿರುಗಿ ಕೆಸರು ಎರಚುತ್ತದೆ. ಆಚೆ ಬದಿಯ ಚಕ್ರ ಗಟ್ಟಿ ನೆಲದ ಮೇಲಿದ್ದರೂ ಸುಮ್ಮನೆ ನಿಂತಿರುತ್ತದೆ. ಎಂಜಿನ್ ಇನ್ನೂ ದೊಡ್ಡದಾಗಿದ್ದರೆ ಗುಂಡಿ ಇನ್ನೂ ಬೇಗ ಆಳವಾಗುತ್ತದೆ, ಅಷ್ಟೇ.

ಇದಕ್ಕೆ ಕಾರಣ ಡಿಫರೆನ್ಶಿಯಲ್. ಹಿಂದಿನ ಆಕ್ಸಲಿನ ನಡುವೆ ಕುಂಬಳಕಾಯಿಯ ಹಾಗೆ ಗುಂಡಗೆ ಕಾಣುತ್ತದಲ್ಲ, ಅದರೊಳಗೆ ಇರುವ ಹಲ್ಲುಚಕ್ರಗಳ ಜೋಡಣೆ ಅದು. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ, ಒಳಬದಿಯ ಚಕ್ರ ಕಡಿಮೆ ದೂರ ಉರುಳಬೇಕು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಶಿಯಲ್ ಬಿಟ್ಟುಕೊಡುತ್ತದೆ. ಒಳ್ಳೆಯ ರಸ್ತೆಯಲ್ಲಿ ಇದು ಉಪಕಾರ. ಕೆಸರಿನಲ್ಲಿ ಇದೇ ತೊಂದರೆ. ಹಿಡಿತವಿಲ್ಲದ ಚಕ್ರ ಸುಲಭವಾಗಿ ತಿರುಗುವುದರಿಂದ ತಿರುಗಾಟವೆಲ್ಲ ಅದಕ್ಕೇ ಹೋಗುತ್ತದೆ. ಗಟ್ಟಿ ನೆಲ ಹಿಡಿದ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಕ್ಕಿ, ಅದು ಅಲ್ಲಾಡುವುದೇ ಇಲ್ಲ.

ಸೈನ್ಯದ ಲಾರಿಯಲ್ಲಿ ಇದಕ್ಕೆ ಮೂರು ಉಪಾಯ ಮಾಡಿದ್ದಾರೆ. ಒಂದು, ಹಿಂದಿನ ಚಕ್ರಗಳಿಗೆ ಮಾತ್ರವಲ್ಲ, ಮುಂದಿನ ಚಕ್ರಗಳಿಗೂ ಎಂಜಿನಿನ ಬಲ ಕೊಡುತ್ತಾರೆ. ನಾಲ್ಕಕ್ಕೆ ನಾಲ್ಕು, ಆರಕ್ಕೆ ಆರು, ಎಂಟಕ್ಕೆ ಎಂಟು ಎಂದು ಹೇಳುವುದು ಇದನ್ನೇ. ಎರಡು, ಡಿಫರೆನ್ಶಿಯಲಿಗೆ ಬೀಗ ಇಟ್ಟಿರುತ್ತಾರೆ. ಬೀಗ ಹಾಕಿದರೆ ಎಡಬಲದ ಚಕ್ರಗಳು ಒಟ್ಟಿಗೇ ತಿರುಗಬೇಕು. ಯಾವುದಕ್ಕೆ ಹಿಡಿತವಿದೆಯೋ ಅದು ಗಾಡಿಯನ್ನು ಎಳೆಯುತ್ತದೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಬೀಗ ತೆಗೆಯಬೇಕು, ಇಲ್ಲವಾದರೆ ತಿರುವಿನಲ್ಲಿ ಟಯರು ಸವೆದು ಆಕ್ಸಲ್ ಮುರಿದೀತು. ಮೂರು, ನಿಧಾನವಾಗಿ, ಆದರೆ ಬಲವಾಗಿ ಎಳೆಯುವುದಕ್ಕೆ ಇನ್ನೊಂದು ಗೇರುಪೆಟ್ಟಿಗೆ ಇರುತ್ತದೆ. ಕೆಸರಿನಲ್ಲಿ ಅವಸರ ಮಾಡಿದವನು ಹೂತುಹೋಗುತ್ತಾನೆ ಎಂದು ಹಳೆಯ ಡ್ರೈವರುಗಳು ಹೇಳುವುದು ಸುಳ್ಳಲ್ಲ.

ಇನ್ನು ನಮ್ಮ ದೇಶದ ಗಾಡಿಗಳ ವಿಷಯಕ್ಕೆ ಬರೋಣ. ಹಿರಿಯರಿಗೆ ಶಕ್ತಿಮಾನ್ ಲಾರಿ ನೆನಪಿರಬೇಕು. ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು 1959ರಲ್ಲಿ ಜಬಲ್ಪುರದಲ್ಲಿ ಅದನ್ನು ಕಟ್ಟಲು ಶುರುಮಾಡಿದರು. 1996ರವರೆಗೆ ಕಟ್ಟಿದರು. 1965ರ ಮತ್ತು 1971ರ ಯುದ್ಧಗಳಲ್ಲಿ ಸಾಮಾನು ಹೊತ್ತದ್ದು ಅದು. ನಾಲ್ಕು ಕಡೆಗೂ ಬಲವಿದ್ದ, ದಪ್ಪ ಆಕ್ಸಲಿನ, ಪಟ್ಟಿ ಸ್ಪ್ರಿಂಗಿನ ಸಾದಾ ಗಾಡಿ. ಅದರ ಜಾಗಕ್ಕೆ ಬಂದವುಗಳಲ್ಲಿ ಮುಖ್ಯವಾದದ್ದು ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್. ಈ ಕಂಪನಿಗೆ ನಮ್ಮ ಹೊಸೂರಿನಲ್ಲಿ 1980ರಿಂದ ಕಾರ್ಖಾನೆ ಇದೆ. ಆ ಸುತ್ತಿನ ಕನ್ನಡದ ಮನೆಗಳಿಗೆ ಅದು ಗೊತ್ತಿರುವ ಹೆಸರು. ಬಿಡಿಭಾಗಗಳನ್ನು ಜಬಲ್ಪುರಕ್ಕೆ ತರಿಸಿ ಅಲ್ಲಿನ ಸರಕಾರಿ ಕಾರ್ಖಾನೆಯಲ್ಲಿ ಸ್ಟಾಲಿಯನ್ ಜೋಡಿಸಿದರು. ಇಂದು ಸೈನ್ಯದಲ್ಲಿ ಹತ್ತಾರು ಸಾವಿರ ಸ್ಟಾಲಿಯನ್ ಇವೆ. ವೆಲಿಂಗ್ಟನ್ನಿಗೆ ಹೋಗುವ ದಾರಿಯಲ್ಲಿ ಕಾಣುವುದೂ ಬಹುಮಟ್ಟಿಗೆ ಅದೇ.

ಇನ್ನೊಂದು ಗಾಡಿ ಟಾಟ್ರಾ. ಇದು ಚೆಕ್ ದೇಶದ್ದು. 1986ರಲ್ಲಿ ಬಿ.ಇ.ಎಂ.ಎಲ್. ಸಂಸ್ಥೆ ಅದರೊಂದಿಗೆ ಒಪ್ಪಂದ ಮಾಡಿಕೊಂಡಿತು. ಪಿನಾಕ ರಾಕೆಟ್, ಪೃಥ್ವಿ ಕ್ಷಿಪಣಿಯಂಥ ಭಾರ ಹೊರುವುದು ಈ ಗಾಡಿ. ನಮ್ಮ ನೆರೆಯ ಪಾಲಕ್ಕಾಡಿನಲ್ಲಿ ಬಿ.ಇ.ಎಂ.ಎಲ್. 2010ರಲ್ಲಿ ತೆರೆದ ಕಾರ್ಖಾನೆಯಲ್ಲಿ ಇದರ ಕೆಲಸ ನಡೆದಿದೆ.

ಟಾಟ್ರಾದ ವಿಶೇಷವನ್ನು ಸ್ವಲ್ಪ ವಿವರಿಸುತ್ತೇನೆ. ಸಾಮಾನ್ಯ ಲಾರಿಯಲ್ಲಿ ಏಣಿಯ ಹಾಗೆ ಎರಡು ಉದ್ದ ತೊಲೆಯ ಚಾಸಿ ಇರುತ್ತದೆ. ಹಳ್ಳದಿಣ್ಣೆಯಲ್ಲಿ ಅದು ತಿರುಚಿಕೊಳ್ಳುತ್ತದೆ. ಇಡೀ ಆಕ್ಸಲ್ ಒಂದೇ ಕಂಬಿಯಾದ್ದರಿಂದ ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದೂ ಓರೆಯಾಗುತ್ತದೆ. ಟಾಟ್ರಾದಲ್ಲಿ ಬೆನ್ನೆಲುಬಿನ ಹಾಗೆ ನಡುವೆ ಒಂದೇ ದಪ್ಪ ಕೊಳವೆ. ಎಂಜಿನಿನಿಂದ ಚಕ್ರಕ್ಕೆ ಬಲ ಒಯ್ಯುವ ದಂಡ ಆ ಕೊಳವೆಯೊಳಗೇ ತಿರುಗುತ್ತದೆ. ಕಲ್ಲು ಬಡಿಯದು, ಕೆಸರು ಹಿಡಿಯದು. ಆಕ್ಸಲನ್ನು ಎಡ ಬಲ ಎಂದು ಎರಡು ಮಾಡಿ, ಪಕ್ಷಿಯ ರೆಕ್ಕೆಯ ಹಾಗೆ ಒಂದೊಂದೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವಂತೆ ಇಟ್ಟಿದ್ದಾರೆ. ಹೀಗಾಗಿ ಎಂಥ ಹಳ್ಳದಲ್ಲೂ ಹೆಚ್ಚು ಚಕ್ರಗಳು ನೆಲ ಬಿಡುವುದಿಲ್ಲ. ಈ ಉಪಾಯವನ್ನು ಹಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರ್ 1923ರಲ್ಲಿ ಟಾಟ್ರಾದ ಒಂದು ಸಣ್ಣ ಕಾರಿನಲ್ಲಿ ಮೊದಲು ತಂದರು. ಅದರ ಎಂಜಿನನ್ನು ತಣಿಸುವುದು ನೀರಲ್ಲ, ಗಾಳಿ. ನೀರಿಲ್ಲದ ಮೇಲೆ ಚಳಿಗೆ ಹೆಪ್ಪುಗಟ್ಟುವುದೂ ಇಲ್ಲ, ರೇಡಿಯೇಟರ್ ಒಡೆಯುವುದೂ ಇಲ್ಲ. ಸ್ಪರ್ಧೆಗೆಂದು ಸಜ್ಜುಮಾಡಿದ ಟಾಟ್ರಾ ಲಾರಿಯಲ್ಲಿ ಕಾರೆಲ್ ಲೊಪ್ರಾಯಿಸ್ ಎಂಬವರು ಮರುಭೂಮಿಯ ಡಾಕಾರ್ ಓಟವನ್ನು 1988ರಿಂದ 2001ರೊಳಗೆ ಆರು ಸಲ ಗೆದ್ದರು.

ಹಾಗೆಂದು ಅದು ಕೊರತೆಯಿಲ್ಲದ ಗಾಡಿಯಲ್ಲ. ಭಾರವಿಲ್ಲದೆ ಓಡುವಾಗ ರೆಕ್ಕೆಯಂಥ ಆಕ್ಸಲಿನಿಂದ ಚಕ್ರಗಳು ಓರೆ ನಿಂತು ಟಯರು ಒಂದು ಬದಿಗೆ ಸವೆಯುತ್ತದೆ. ಬೆಲೆಯೂ ಹೆಚ್ಚು. ಊರ ಮೆಕ್ಯಾನಿಕ್ಕಿಗೆ ಶಕ್ತಿಮಾನಿನ ಪಟ್ಟಿ ಸ್ಪ್ರಿಂಗ್ ಅರ್ಥವಾಗುವಷ್ಟು ಸುಲಭವಾಗಿ ಇದು ಅರ್ಥವಾಗುವುದಿಲ್ಲ. ಆದ್ದರಿಂದ ಸೈನ್ಯ ಎಲ್ಲ ಕೆಲಸಕ್ಕೂ ಒಂದೇ ಗಾಡಿ ಇಡುವುದಿಲ್ಲ. ಅಕ್ಕಿ ಬೇಳೆ ಹೊರಲು ಸಾದಾ ಗಾಡಿ, ಕ್ಷಿಪಣಿ ಹೊರಲು ಟಾಟ್ರಾದಂಥದು.

ಟಯರಿನ ಗಾಳಿಯ ವಿಷಯವೂ ದೊಡ್ಡದು. ಗಾಳಿ ಕಡಿಮೆ ಮಾಡಿದರೆ ಟಯರು ನೆಲದ ಮೇಲೆ ಅಗಲವಾಗಿ ಹರಡಿ ಕೂರುತ್ತದೆ. ಭಾರ ಹಂಚಿಹೋಗಿ ಮರಳಿನಲ್ಲೂ ಕೆಸರಿನಲ್ಲೂ ಅಷ್ಟು ಹೂಳುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ನೀರಿನಲ್ಲೂ ನೆಲದಲ್ಲೂ ಹೋಗುವ ಒಂದು ಲಾರಿಯನ್ನು ಅಮೆರಿಕದವರು ಮಾಡಿದರು. ಡ್ರೈವರು ತನ್ನ ಸೀಟಿನಿಂದಲೇ ಟಯರಿನ ಗಾಳಿ ಏರಿಸಿ ಇಳಿಸುವ ಏರ್ಪಾಡು ಅದರಲ್ಲಿ ಬಂತು. ಈಗ ಅನೇಕ ದೇಶಗಳ ಸೈನ್ಯದ ಲಾರಿಗಳಲ್ಲಿ ಇದು ಇದೆ. ಆದರೆ ನಮ್ಮ ಹುಡುಗರು ಇದನ್ನು ಕೇಳಿ ತೋಟದ ಜೀಪಿನ ಗಾಳಿ ಬಿಡಬೇಡಿ! ಗಾಳಿ ಕಡಿಮೆಯಾದ ಟಯರು ವೇಗದಲ್ಲಿ ಓಡಿದರೆ ಬಿಸಿಯೇರಿ ಒಡೆಯುತ್ತದೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬುವ ಏರ್ಪಾಡು ಇದ್ದವರಿಗೆ ಮಾತ್ರ ಅದು ಸರಿ.

ಲಡಾಖಿನಲ್ಲಿ ಇನ್ನೊಂದು ಕಷ್ಟ. ಅಲ್ಲಿನ ಖಾರ್ದುಂಗ್ ಲಾ ಕಣಿವೆದಾರಿ ಸಮುದ್ರಮಟ್ಟದಿಂದ 5,300 ಮೀಟರಿಗೂ ಎತ್ತರ. ಅಲ್ಲಿ ಗಾಳಿಯ ಒತ್ತಡ ಇಲ್ಲಿಯ ಕರಾವಳಿಯ ಒತ್ತಡದ ಅರ್ಧದಷ್ಟು ಮಾತ್ರ. ಮನುಷ್ಯನಿಗೂ ಉಸಿರು ಸಾಲದು, ಎಂಜಿನಿಗೂ ಸಾಲದು. ಅದಕ್ಕೇ ಈಗಿನ ಲಾರಿಗಳಲ್ಲಿ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವ ಟರ್ಬೋ ಇರುತ್ತದೆ. ಇನ್ನು ಚಳಿಗೆ ಡೀಸೆಲಿನ ಮೇಣದಂಶ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಗೂ ಹರಿಯುವ ವಿಶೇಷ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖಿಗೆ ಕೊಡಲು ತೊಡಗಿತು.

ಇಷ್ಟು ಹೊತ್ತು ಯಂತ್ರದ ಗುಣ ಹೇಳಿದೆ. ಈಗ ಹೇಳುವುದೇ ನನ್ನ ಮುಖ್ಯ ಮಾತು. ಎಂಥ ಗುಣವಂತ ಗಾಡಿಯೂ ನೋಡಿಕೊಳ್ಳುವವರಿಲ್ಲದಿದ್ದರೆ ನಂಬಿಕೆಗೆ ಬಾರದು.

2022ರ ಫೆಬ್ರವರಿ 24ರಂದು ರಷ್ಯದ ಸೈನ್ಯ ಉಕ್ರೇನಿನೊಳಗೆ ನುಗ್ಗಿತು. ಚಳಿಗಾಲ ಕಳೆದು ಹಿಮ ಕರಗುವಾಗ ಆ ದೇಶದ ಕಪ್ಪುಮಣ್ಣು ಕಾಲಿಟ್ಟರೆ ಹೂಳುವ ಕೆಸರಾಗುತ್ತದೆ. ವಿಮಾನಗಳನ್ನು ಹೊಡೆಯುವ ಪಾಂತ್ಸಿರ್ ಎಂಬ ಬೆಲೆಬಾಳುವ ಆಯುಧ ಹೊತ್ತ ಎಂಟು ಚಕ್ರದ ಒಂದು ಗಾಡಿ ಮಾರ್ಚಿಯ ಸುಮಾರಿಗೆ ಕೆಸರಿನಲ್ಲಿ ಸಿಕ್ಕಿಬಿತ್ತು. ಟಯರು ಹರಿದ ಆ ಗಾಡಿಯನ್ನು ಬಿಟ್ಟು ಸೈನಿಕರು ಹೋಗಿದ್ದರು. ಅದರ ಚಿತ್ರವನ್ನು ಲೋಕವೆಲ್ಲ ನೋಡಿತು. ಅಮೆರಿಕದ ಸೈನ್ಯದ ಲಾರಿಗಳನ್ನು ತಪಾಸಣೆ ಮಾಡಿ ನಿವೃತ್ತರಾದ ಒಬ್ಬರು ಆ ಚಿತ್ರ ನೋಡಿ, ಇದು ತಿಂಗಳುಗಟ್ಟಲೆ ಬಿಸಿಲಿನಲ್ಲಿ ಅಲ್ಲಾಡಿಸದೆ ನಿಲ್ಲಿಸಿದ ಗಾಡಿಯ ಟಯರು ಎಂದರು. ಆ ಒಂದು ಗಾಡಿಗೆ ಕಾರಣ ಇದೊಂದೇ ಎಂದು ಎಲ್ಲರೂ ಒಪ್ಪಲಿಲ್ಲ. ಆದರೆ ನಿಂತ ಗಾಡಿ ಕೆಡುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಒಂದೇ ಕಡೆ ಭಾರ ಹೊತ್ತು ನಿಂತ ರಬ್ಬರು ಬಿಸಿಲಿಗೆ ಬಿರಿಯುತ್ತದೆ. ಎಣ್ಣೆ ತಡೆಯುವ ಸೀಲುಗಳು ಒಣಗುತ್ತವೆ. ಬ್ಯಾಟರಿ ಸಾಯುತ್ತದೆ. ಬ್ರೇಕು ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆಯಾದರೂ ಅದನ್ನು ಓಡಿಸಬೇಕು. ಉಕ್ರೇನಿನ ರೈತರು ಬಿಟ್ಟುಹೋದ ಯುದ್ಧದ ಗಾಡಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ದ ಚಿತ್ರ ನೋಡಿ ಎಷ್ಟೋ ಜನ ನಕ್ಕರು. ಆದರೆ ಕೆಸರಿನಲ್ಲಿ ನಿಂತ ಗಾಡಿಯ ಒಳಗೆ ಕೂತಿದ್ದವನೂ ಯಾವುದೋ ತಾಯಿಯ ಮಗನೇ.

ಸಿರಿವಂತ ದೇಶಕ್ಕೂ ಇದು ತಪ್ಪಿದ್ದಲ್ಲ. ಅಮೆರಿಕದ ಸೈನ್ಯ 1990ರ ದಶಕದಲ್ಲಿ ಹೊಸ ಮಧ್ಯಮ ಲಾರಿಗಳನ್ನು ತಂದಿತು. ಹೆದ್ದಾರಿಯ ವೇಗದಲ್ಲಿ ಚಕ್ರಕ್ಕೆ ಬಲ ಒಯ್ಯುವ ಭಾಗಗಳು ಮುರಿಯತೊಡಗಿದವು. 1998ರಲ್ಲಿ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್ ಮೀರಬಾರದೆಂದು ಆಜ್ಞೆಯಾಯಿತು. ಕೆಟ್ಟದ್ದನ್ನು ಬರೆದಿಟ್ಟು, ಒಪ್ಪಿಕೊಂಡು, ಭಾಗಗಳನ್ನು ಬದಲಾಯಿಸಿದರು. ಆ ಮಾದರಿಯ ಗಾಡಿಗಳು ಮುಂದೆ ಬಹುಕಾಲ ದುಡಿದವು. ಕೆಟ್ಟದ್ದನ್ನು ಮುಚ್ಚಿಟ್ಟಿದ್ದರೆ ಎಷ್ಟು ಡ್ರೈವರುಗಳ ಪ್ರಾಣ ಹೋಗುತ್ತಿತ್ತೋ!

ನಮ್ಮ ಸೈನ್ಯದಲ್ಲಿ ಈ ಕೆಲಸಕ್ಕಾಗಿಯೇ ಇ.ಎಂ.ಇ. ಎಂಬ ದಳ ಇದೆ. 1943ರಲ್ಲಿ ಕಟ್ಟಿದ್ದು. ಲಾರಿ, ಟ್ಯಾಂಕು, ತೋಪು, ರಾಡಾರ್ ಎಲ್ಲವನ್ನೂ ರಿಪೇರಿ ಮಾಡುವ ಮೆಕ್ಯಾನಿಕ್ಕುಗಳು ಅದರಲ್ಲಿದ್ದಾರೆ. ಊಟ, ಎಣ್ಣೆ ಸಾಗಿಸುವ ಸರಬರಾಜು ದಳದ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಪದಕ ಸಿಕ್ಕಿದವರ ಹೆಸರು ಪೇಪರಿನಲ್ಲಿ ಬರುತ್ತದೆ. ಹಿಮದಲ್ಲಿ ಗಾಡಿಯ ಅಡಿ ಮಲಗಿ ನಟ್ಟು ಬಿಗಿದವನ ಹೆಸರು ಬರುವುದಿಲ್ಲ. ಅವನು ಒಂದು ನಟ್ಟು ಸಡಿಲ ಬಿಟ್ಟು ಪುಸ್ತಕದಲ್ಲಿ "ಸರಿಯಿದೆ" ಎಂದು ಬರೆದರೆ ಮೇಲಿನ ಠಾಣೆಗೆ ಊಟ ಹೋಗುವುದಿಲ್ಲ.

ಬಂಧುಗಳೇ, ಇದರಿಂದ ನಮಗೆ ತಿಳಿಯುವುದೇನು? ನಮ್ಮನ್ನೂ ನಮ್ಮ ಮಕ್ಕಳನ್ನೂ ಹೊತ್ತು ಗುಡ್ಡ ಹತ್ತುವ ಗಾಡಿಗಳಿವೆ. ಅವಕ್ಕೆ ನಾಲ್ಕು ಕಡೆ ಬಲವಿಲ್ಲ, ಬೀಗವಿಲ್ಲ, ಟಾಟ್ರಾದ ಬೆನ್ನೆಲುಬಿಲ್ಲ. ಹಾಗಿರುವಾಗ ನೋಡಿಕೊಳ್ಳುವುದು ಇನ್ನೂ ಹೆಚ್ಚು ಬೇಕು. ಹತ್ತುವ ಮೊದಲು ಟಯರನ್ನು ಒಮ್ಮೆ ನೋಡಿ: ಬಿರಿದಿದೆಯೇ, ನುಣ್ಣಗಾಗಿದೆಯೇ? ಬ್ರೇಕು ಯಾವಾಗ ನೋಡಿದ್ದು ಎಂದು ಡ್ರೈವರನ್ನು ಕೇಳಿ. ಅವರು ನಮ್ಮವರೇ, ಜಗಳಕ್ಕೆ ಕೇಳುವುದಲ್ಲ. ಅವರು ಬರೆದುಕೊಟ್ಟ ರಿಪೇರಿ ಆಗದಿದ್ದರೆ ಅವರ ಜೊತೆ ನಾವೂ ಹೋಗಿ ಹೇಳೋಣ. ಕೇಳುವವರು ಹತ್ತು ಜನ ಇದ್ದರೆ ಬರೆದದ್ದು ಬೇಗ ಆಗುತ್ತದೆ.

ಓದಿ ಮನೆಯಲ್ಲಿ ಕೂತಿರುವ ನಮ್ಮ ಹುಡುಗರಿಗೂ ಹುಡುಗಿಯರಿಗೂ ಒಂದು ಮಾತು. ಮೋಟಾರ್ ಮೆಕ್ಯಾನಿಕ್ ಕೆಲಸ ಕೈ ಕರಿಯಾಗುವ ಕೆಲಸ ಎಂದು ಹಿಂದೆ ಸರಿಯಬೇಡಿ. ಐ.ಟಿ.ಐ.ಯಲ್ಲಿ ಅದನ್ನು ಕಲಿಸುತ್ತಾರೆ. ಲೋಕದ ದೊಡ್ಡ ಸೈನ್ಯಗಳೂ ಅಂಥ ಕೈಗಳನ್ನೇ ನಂಬಿ ನಡೆಯುತ್ತಿವೆ. ಸೇರಲು ಮನಸ್ಸಿರುವವರು ಕೂಟ ಮುಗಿದ ಮೇಲೆ ನನ್ನನ್ನು ಕಾಣಿರಿ, ಅರ್ಜಿ ಬರೆಯಲು ಕೂತು ಸಹಾಯ ಮಾಡುತ್ತೇನೆ.