ಗಾಡಿ ಬರುವ ತನಕ

ವಿಮಾನದಲ್ಲಿ ಹೋಗುವವರಿಗಾಗಲಿ ರೈಲಿನಲ್ಲಿ ಹೋಗುವವರಿಗಾಗಲಿ ನಡುದಾರಿಯಲ್ಲಿ ಕಾಯುವುದು ತಪ್ಪಿದ್ದಲ್ಲ. ಕುಷ್ಟಗಿ, ಯಲಬುರ್ಗಾಗಳ ಕಡೆಯಿಂದ ಕೊಪ್ಪಳಕ್ಕೆ ಬಂದು, ಹುಬ್ಬಳ್ಳಿಯ ಗಾಡಿಗೆ ಇನ್ನೂ ನಾಲ್ಕು ತಾಸು ಇದೆಯೆಂದು ತಿಳಿದರೆ, ನಾವು ಬೆಂಚಿನ ಮೇಲೆ ತೂಕಡಿಸುತ್ತೇವೆ. ಇಲ್ಲವೆ ಗಡಿಯಾರವನ್ನು ಬೈಯುತ್ತೇವೆ.

ಅದೇ ಊರಿನ ಗವಿಮಠದ ಬೆಟ್ಟದಲ್ಲಿ 2,200 ವರ್ಷಗಳಿಗೂ ಮೇಲ್ಪಟ್ಟು ಒಂದು ಮಾತು ನಮಗಾಗಿ ಕಾದಿದೆ. ಅದು ಅಶೋಕ ಚಕ್ರವರ್ತಿಯ ಶಾಸನ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. 1931ರಲ್ಲಿ ಬೆಳಕಿಗೆ ಬಂದಿತು. ಸಮೀಪದ ಪಾಲ್ಕಿಗುಂಡಿನಲ್ಲಿ ಇದರ ಜೊತೆಯ ಶಾಸನವಿದೆ. ಉನ್ನತಿಯೆಂಬುದು ದೊಡ್ಡವರ ಸ್ವತ್ತಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ದಕ್ಕುತ್ತದೆ ಎಂಬುದು ಅದರ ತಿರುಳು.

ಮರಳಲು ಒಂದು ತಾಸು ಉಳಿಸಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೋಗಿ ಬನ್ನಿ. ಆ ಅಕ್ಷರಗಳನ್ನು ಓದಲು ಬಾರದಿದ್ದರೂ ಚಿಂತೆಯಿಲ್ಲ. ಬೆಟ್ಟ ಹತ್ತಿ ನೋಡಿ ಬಂದಿರಾದರೆ, ಆ ಪ್ರಯತ್ನ ಅಲ್ಲಿಯೇ ಮೊದಲಾಯಿತು.